ಟಿವಿ ಸುದ್ದಿ ಬಿಟ್ಟರೆ ಏನೂ ತಿಳಿಯದೇ ಹೋಗುತ್ತಾ?

ಮುಂಬೈಗೆ ಹೊಸದಾಗಿ ಬಂದಿದ್ದೀರಿ. ನ್ಯೂಸ್ ಚಾನೆಲ್ ನೋಡಿ ನೋಡಿ ತಲೆ ಚಿಟ್ಟು ಹಿಡಿದಿದೆ, ಬಿಟ್ಟರೆ ಏನೂ ತಿಳಿಯದೇ ಹೋಗುತ್ತಾ, ಕಾದಂಬರಿ ಓದಿ ಏನು ಪ್ರಯೋಜನ ಎಂದು ಕೇಳಿದ್ದೀರಿ. ಧೈರ್ಯವಾಗಿ ಬಿಡಿ. ನಾನು ಡೊಂಬಿವಲಿಯಲ್ಲಿದ್ದೇನೆ. ಬೆಳಿಗ್ಗೆ ಇಲ್ಲಿನ ಕನ್ನಡ ದಿನಪತ್ರಿಕೆ 'ಕರ್ನಾಟಕ ಮಲ್ಲ' ಓದುತ್ತೇನೆ, ಲೋಕಲ್‌ನಲ್ಲಿ ಸೀಟು ಸಿಕ್ಕರೆ ಪುಸ್ತಕ ತೆಗೆಯುತ್ತೇನೆ. ಜೋರು ಮಳೆಯ ದಿನ ಮಾತ್ರ ಟಿವಿ ಬೇಕೇ ಬೇಕು. ಸಾಯನ್, ಕುರ್ಲಾ ಹತ್ತಿರ ಹಳಿಗೆ ನೀರು ಬಂತೋ ಇಲ್ಲವೋ ತಿಳಿಯಬೇಕಲ್ವಾ?

ನೇರ ಪ್ರಸಾರದ ಮೇಲೆ ನನಗೆ ನಂಬಿಕೆ ಹೋಗಿದ್ದು 2008ರ ನವೆಂಬರ್ 26ರ ದಾಳಿಯ ನಂತರ. ಆಗ ಇಡೀ ದೇಶ ಟಿವಿ ಮುಂದೆ ಕೂತಿತ್ತು, ನಾವೂ ಕೂತಿದ್ದೆವು. ನರಿಮನ್ ಹೌಸ್ ಮೇಲೆ ಕಮಾಂಡೊಗಳು ಹೆಲಿಕಾಪ್ಟರ್‌ನಿಂದ ಹಗ್ಗ ಹಿಡಿದು ಇಳಿಯುವುದನ್ನೂ ತೋರಿಸಿದರು. ಅದೇ ಹೊತ್ತಿಗೆ ಗಡಿಯಾಚೆ ಕೂತವರು ಟಿವಿ ನೋಡುತ್ತಾ ದಾಳಿಕೋರರಿಗೆ ಫೋನಿನಲ್ಲಿ ಹೇಳಿಕೊಡುತ್ತಿದ್ದರು. ಕಸಬ್ ಪ್ರಕರಣದ 2012ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಚಾನೆಲ್‌ಗಳನ್ನು ಕಟುವಾಗಿ ಟೀಕಿಸಿತು. 2015ರಲ್ಲಿ ಕೇಬಲ್ ಟಿವಿ ನಿಯಮವನ್ನೇ ತಿದ್ದಿದರು. ಈಗ ಭಯೋತ್ಪಾದಕರ ವಿರುದ್ಧ ಕಾರ್ಯಾಚರಣೆ ನಡೆಯುವಾಗ ನೇರ ಪ್ರಸಾರ ಮಾಡುವಂತಿಲ್ಲ. ಅದು ಮುಗಿಯುವವರೆಗೆ, ಸರ್ಕಾರ ನೇಮಿಸಿದ ಅಧಿಕಾರಿ ಆಗಾಗ ಕೊಡುವ ಮಾಹಿತಿಯಷ್ಟೇ. ಇಂಥ ನಿಯಮ ಬರಲು ಅಷ್ಟು ವರ್ಷ ಬೇಕಾಯಿತಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ. ಸುದ್ದಿ ನನಗೆ ಒಂದು ದಿನ ತಡವಾಗಿ ಸಿಕ್ಕರೆ ಯಾರಿಗೂ ನಷ್ಟವಿಲ್ಲ.

ಇನ್ನು ಕಾದಂಬರಿ. ಕಂಪನಿಗಳಲ್ಲಿ ಕೆಲಸ ಹೋಗುವ ಸುದ್ದಿ ಈಗ ಜಾಸ್ತಿ. ಎಷ್ಟು ಜನರನ್ನು ತೆಗೆದರು ಅಂತ ಟಿವಿ ಹೇಳುತ್ತದೆ, ಮುಂದಿನ ಸುದ್ದಿಗೆ ಹೋಗುತ್ತದೆ. ಯಶವಂತ ಚಿತ್ತಾಲರ 'ಶಿಕಾರಿ' ಓದಿ. 1979ರ ಕಾದಂಬರಿ, ನಡೆಯುವುದು ಇದೇ ಮುಂಬೈನಲ್ಲಿ. ದೊಡ್ಡ ಕಂಪನಿಯ ಅಧಿಕಾರಿ ನಾಗಪ್ಪ. ತನ್ನ ವಿರುದ್ಧ ಯಾರು ಸಂಚು ಮಾಡುತ್ತಿದ್ದಾರೆ, ಯಾಕೆ ಎಂದು ತಿಳಿಯದೆ ಅವನು ಒದ್ದಾಡುತ್ತಾನೆ. ಯಾರನ್ನು ಕಂಡರೂ ಅನುಮಾನ. ಅದನ್ನು ಓದಿದ ಮೇಲೆ, ಕೆಲಸ ಕಳೆದುಕೊಂಡ ಪಕ್ಕದ ಮನೆಯವರು ಯಾಕೆ ಮಾತು ಬಿಟ್ಟಿದ್ದಾರೆಂದು ನನಗೆ ಸ್ವಲ್ಪ ಅರ್ಥವಾಯಿತು. ಸುಮ್ನೆ ಹೋಗಿ ಚಹಾಕ್ಕೆ ಕರೆದೆ.

ಶುರುವಿನಲ್ಲಿ ನಿಧಾನ ಅನ್ನಿಸಬಹುದು, ಬಿಡಬೇಡಿ. ಪುಸ್ತಕ ಸಿಗದಿದ್ದರೆ ಇಲ್ಲೇ ಕಮೆಂಟ್‌ನಲ್ಲಿ ಕೇಳಿ, ನನ್ನ ಪ್ರತಿ ಕೊಡುತ್ತೇನೆ.