ತೊಟ್ಟಿಯೊಳಗಿನ ಕೈಗುಣ

ಪತ್ರ: "ಸಂಪಾದಕರಿಗೆ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಪಲ್ಪರ್ ಯಂತ್ರದಲ್ಲಿ ಹಣ್ಣಿನ ಸಿಪ್ಪೆ ಬಿಡಿಸಿದ ಮೇಲೆ ಬೀಜವನ್ನು ಲೋಳೆ ಬಿಡಲು ತೊಟ್ಟಿಗೆ ಹಾಕುತ್ತೇವೆ. ಲೋಳೆ ಬಿಟ್ಟಿತೋ ಇಲ್ಲವೋ ಅಂತ ಹೇಳುವುದು ನಮ್ಮ ಹಳೇ ಮೇಸ್ತ್ರಿ. ಒಂದು ಹಿಡಿ ತೆಗೆದು ಉಜ್ಜಿ ನೋಡಿ 'ತೊಳೀರಿ' ಅಂದರೆ ತೊಳೆಯುತ್ತೇವೆ. ಈ ವರ್ಷ ಬೆಂಗಳೂರಲ್ಲಿ ಓದಿ ಬಂದ ಮಗ ಒಂದು ಬಾಟಲಿ ಎಂಜೈಮ್ ತಂದಿದ್ದಾನೆ. ಹಾಕಿದರೆ ಕೆಲವೇ ಗಂಟೆ ಸಾಕು, ಮೇಸ್ತ್ರಿಯ ಕೈಗುಣ ಎಲ್ಲ ಮೂಢನಂಬಿಕೆ ಅನ್ನುತ್ತಾನೆ. ನನಗೂ ಅವನ ಮಾತು ಸರಿ ಅನಿಸುತ್ತಿದೆ. ಈ ಎಂಜೈಮ್ ಅಂದರೆ ಜೀವವಾ, ಕೆಮಿಕಲ್ಲಾ? ಕೈಗುಣ ಅನ್ನೋದು ಸುಳ್ಳಾ?"
— ಒಬ್ಬ ಓದುಗ, ಮೂಡಿಗೆರೆ ಕಡೆ

ಉತ್ತರ:

ಸ್ವಾಮಿ, ನಿಮ್ಮ ಪತ್ರ ಬಂದ ದಿನ ನಮ್ಮ ಆಫೀಸಿನಲ್ಲಿ ಬೇರೆ ಕೆಲಸ ಆಗಲಿಲ್ಲ. ಇಂಥ ಪ್ರಶ್ನೆಗೆ ಕಾಯುತ್ತಾ ಎಷ್ಟೋ ವರ್ಷ ಆಯಿತು.

ಮೊದಲು ಮಗನ ಪರವಾಗಿ ಎರಡು ಮಾತು, ಆಮೇಲೆ ಹೇಳಲು ಮರೆತುಬಿಡುತ್ತೇನೆ. ಬಾಟಲಿ ಮೋಸವಲ್ಲ. ಲೋಳೆಯಲ್ಲಿ ನೀರು, ಸಕ್ಕರೆ ಬಿಟ್ಟರೆ ಮುಖ್ಯವಾಗಿ ಇರುವುದು ಪೆಕ್ಟಿನ್. ಸೀಬೆಹಣ್ಣಿನ ಜೆಲ್ಲಿಯನ್ನು ಗಟ್ಟಿ ಮಾಡುವುದೂ ಅದೇ. ಬಾಟಲಿಯಲ್ಲಿರುವುದು ಪೆಕ್ಟಿನ್ನಿನ ಉದ್ದದ ಸರವನ್ನು ತುಂಡು ತುಂಡು ಮಾಡುವ ಪೆಕ್ಟಿನೇಸ್ ಎಂಬ ಕಿಣ್ವ, ಅಂದರೆ ನೀವು ಹೇಳುವ ಎಂಜೈಮ್. ಅದು ಕೆಲಸ ಮಾಡುತ್ತದೆ, ಸಮಯವೂ ಉಳಿಯುತ್ತದೆ. ಮಗ ಓದಿದ್ದು ಸುಳ್ಳಲ್ಲ.

ಆಯಿತು, ಇನ್ನು ಮೇಸ್ತ್ರಿಯ ಹತ್ತಿರ ಬರೋಣ.

ನೀವು ಬಾಟಲಿ ತರುವ ಮೊದಲು ನಿಮ್ಮ ತೊಟ್ಟಿಯಲ್ಲಿ ಲೋಳೆ ಬಿಡಿಸುತ್ತಿದ್ದದ್ದು ಯಾರು ಅಂದುಕೊಂಡಿರಿ? ಅದೂ ಪೆಕ್ಟಿನೇಸೇ. ಸ್ವಲ್ಪ ಹಣ್ಣಿನದೇ, ಉಳಿದದ್ದು ಹಣ್ಣಿನ ಸಿಪ್ಪೆಯ ಮೇಲೆ ಬಂದ ಬ್ಯಾಕ್ಟೀರಿಯಾ, ಯೀಸ್ಟುಗಳದು. ಬಾಟಲಿಯಲ್ಲಿರುವುದೂ ಆಕಾಶದಿಂದ ಬಿದ್ದದ್ದಲ್ಲ. ಈ ಕಿಣ್ವವನ್ನು ಸಾಮಾನ್ಯವಾಗಿ ಆಸ್ಪರ್‌ಜಿಲಸ್ ನೈಜರ್ ಎಂಬ ಬೂಷ್ಟನ್ನು ಬೆಳೆಸಿ ಅದರಿಂದ ತೆಗೆಯುತ್ತಾರೆ. ಕಣದಲ್ಲಿ ಕಾಫಿಗೆ ಬೂಷ್ಟು ಹಿಡಿದರೆ ಗಾಬರಿಯಾಗುವ ನಾವು ಬಾಟಲಿಯಲ್ಲಿ ಅದರದೇ ಬೆವರನ್ನು ದುಡ್ಡು ಕೊಟ್ಟು ತರುತ್ತೇವೆ. ತಪ್ಪೇನಿಲ್ಲ. ಆದರೆ ಒಂದಕ್ಕೆ ವಿಜ್ಞಾನ, ಇನ್ನೊಂದಕ್ಕೆ ಮೂಢನಂಬಿಕೆ ಅಂತ ಹೆಸರಿಡುವುದು ಯಾವ ನ್ಯಾಯ?

ಜೀವವಾ ಕೆಮಿಕಲ್ಲಾ ಅಂತ ಕೇಳಿದ್ದೀರಿ. ಈ ಒಂದು ಪ್ರಶ್ನೆಗೆ ಯುರೋಪಿನ ದೊಡ್ಡ ತಲೆಗಳು ದಶಕಗಟ್ಟಲೆ ಜಗಳವಾಡಿದ್ದಾರೆ. ಸಕ್ಕರೆ ಹುಳಿತು ಹೆಂಡವಾಗಲು ಬದುಕಿರುವ ಯೀಸ್ಟ್ ಬೇಕೇ ಬೇಕು ಅಂದ ಲೂಯಿ ಪಾಶ್ಚರ್. ಅದೆಲ್ಲ ಬರೀ ರಸಾಯನ ಕ್ರಿಯೆ ಅಂದ ಜರ್ಮನಿಯ ಲೀಬಿಗ್. ಇಬ್ಬರೂ ಸತ್ತ ಮೇಲೆ, 1897ರಲ್ಲಿ, ಎಡ್ವರ್ಡ್ ಬುಕ್ನರ್ ಎನ್ನುವವನು ಯೀಸ್ಟನ್ನು ಮರಳು ಹಾಕಿ ಅರೆದ, ಹಿಂಡಿದ, ರಸ ತೆಗೆದ. ರಸ ಕೆಡದಿರಲಿ ಅಂತ, ನಾವು ಹಣ್ಣಿಗೆ ಹಾಕುವ ಹಾಗೆ, ಸಕ್ಕರೆ ಬೆರೆಸಿದರು. ರಸ ಗುಳ್ಳೆ ಎಬ್ಬಿಸತೊಡಗಿತು! ಜೀವಕೋಶ ಒಂದೂ ಉಳಿದಿರಲಿಲ್ಲ, ಹುಳಿಯುವುದು ಮಾತ್ರ ನಡೆದೇ ಇತ್ತು. ಇದಕ್ಕೆ 1907ರಲ್ಲಿ ಅವನಿಗೆ ನೊಬೆಲ್ ಬಂತು. ಹಾಗಾಗಿ ಉತ್ತರ ಇದು: ಕಿಣ್ವಕ್ಕೆ ಜೀವವಿಲ್ಲ, ಆದರೆ ಅದನ್ನು ಕಟ್ಟುವುದು ಜೀವ. ಜೇಡ ಸತ್ತರೂ ಬಲೆ ನೊಣ ಹಿಡಿಯುತ್ತದಲ್ಲ, ಹಾಗೆ.

ಕಿಣ್ವ ಅನ್ನುವ ಪದ ಕಂಡರೆ ಮೂಗು ಮುರಿಯುವವರು ಜಾಸ್ತಿ. ಪಠ್ಯಪುಸ್ತಕದವರು ಕೂತು ಹೊಸೆದ ಪದ ಅಂತ ಅವರ ಭಾವನೆ. ಎಂಜೈಮ್ ಅನ್ನುವುದನ್ನು 1870ರ ದಶಕದಲ್ಲಿ ಕ್ಯೂನೆ ಎಂಬ ಜರ್ಮನ್ ವಿಜ್ಞಾನಿ ಗ್ರೀಕಿನಿಂದ ಹೊಸೆದ. ಅರ್ಥ, ಯೀಸ್ಟಿನ ಒಳಗಿರುವುದು. ನಮ್ಮ ಕಿಣ್ವ ಅದಕ್ಕಿಂತ ಎಷ್ಟೋ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹೆಂಡಕ್ಕೆ ಹಾಕುವ ಕಿಣ್ವವನ್ನು ಉದ್ದು, ಅಕ್ಕಿ ಸೇರಿಸಿ ಕಟ್ಟುವ ಲೆಕ್ಕವಿದೆ. ಉದ್ದು, ಅಕ್ಕಿ! ನಾಳೆ ಬೆಳಗ್ಗೆ ಇಡ್ಲಿ ತಿನ್ನುವಾಗ ನೆನಪಿಸಿಕೊಳ್ಳಿ.

ಇನ್ನು ಈ ಕಿಣ್ವ ಮಾಡುವುದಾದರೂ ಏನು? ಆಗದೇ ಇರುವುದನ್ನು ಅದು ಆಗಿಸುವುದಿಲ್ಲ. ಆಗುವುದನ್ನು ಬೇಗ ಆಗಿಸುತ್ತದೆ, ಅಷ್ಟೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ರೈಲಿನಲ್ಲಿ ಹೋಗಿದ್ದೀರಲ್ವಾ? 57 ಸುರಂಗ. ಸುರಂಗ ಕೊರೆದದ್ದರಿಂದ ಸಕಲೇಶಪುರ ತಗ್ಗಲಿಲ್ಲ, ಸುಬ್ರಹ್ಮಣ್ಯ ಏರಲಿಲ್ಲ. ನಡುವಿನ ಗುಡ್ಡ ಹತ್ತುವ ಕಷ್ಟ ಮಾತ್ರ ತಪ್ಪಿತು. ಕಿಣ್ವವೂ ಒಂದು ಸುರಂಗ. ಸುರಂಗ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಕೇಳಿ. ನಮ್ಮ ಡಿಎನ್‌ಎ ಕಟ್ಟಲು ಬೇಕಾದ ಸಾಮಾನು ತಯಾರಾಗುವ ದಾರಿಯಲ್ಲಿ ಒಂದು ಹೆಜ್ಜೆಯಿದೆ. ಅದನ್ನು ನೀರಿನಲ್ಲಿ ತಾನಾಗಿ ನಡೆಯಲು ಬಿಟ್ಟರೆ ಅರ್ಧ ಕೆಲಸ ಮುಗಿಯಲು ಸುಮಾರು 7 ಕೋಟಿ 80 ಲಕ್ಷ ವರ್ಷ ಬೇಕು. ಕಿಣ್ವವಿದ್ದರೆ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಆಗುತ್ತದೆ.

ಇಷ್ಟು ಚಮತ್ಕಾರ ಎಲ್ಲಿಂದ ಬಂತು? ಆಕಾರದಿಂದ. ಕಿಣ್ವ ಸಾಮಾನ್ಯವಾಗಿ ಒಂದು ಪ್ರೋಟೀನ್. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರ. ಹೂವು ಇಪ್ಪತ್ತೇ ಜಾತಿ, ಕಟ್ಟಿದ ದಂಡೆ ಲೆಕ್ಕವಿಲ್ಲದಷ್ಟು. ದಂಡೆ ಉದ್ದಕ್ಕೆ ಬಿದ್ದಿರುವವರೆಗೆ ಅದಕ್ಕೆ ಕೆಲಸವಿಲ್ಲ. ಮಡಿಸಿ ಮುಡಿಗೆ ಸುತ್ತಿದಾಗ ಈ ತುದಿಯ ಕನಕಾಂಬರ ಆ ಕಡೆಯ ಮಲ್ಲಿಗೆಯ ಪಕ್ಕಕ್ಕೆ ಬರುತ್ತದೆ. ನಮ್ಮ ಕರುಳಿನಲ್ಲಿ ಕೆಲಸ ಮಾಡುವ ಕೈಮೋಟ್ರಿಪ್ಸಿನ್ ಎಂಬ ಕಿಣ್ವದಲ್ಲಿ ಸರದ 57ನೆಯ, 102ನೆಯ, 195ನೆಯ ಮಣಿಗಳು ಹೀಗೆ ಒಂದೇ ಗುಳಿಯಲ್ಲಿ ಬಂದು ಸೇರುತ್ತವೆ. ನಾವು ತಿಂದ ಹುರುಳಿಕಾಳಿನ ಪ್ರೋಟೀನನ್ನು ಕತ್ತರಿಸುವುದು ಈ ಮೂವರೇ. ಉಳಿದ ಇನ್ನೂರಕ್ಕೂ ಹೆಚ್ಚು ಮಣಿಗಳು ಈ ಮೂವರನ್ನು ಸರಿಯಾದ ಜಾಗದಲ್ಲಿ ಕೂರಿಸಲು ದುಡಿಯುತ್ತವೆ. (ಮತ್ತೆ 57 ಬಂತು. ಕಾಕತಾಳೀಯ, ಅದಕ್ಕೊಂದು ಪತ್ರ ಬರೆಯಬೇಡಿ.)

ನಾನು ಹಾಸನದಲ್ಲಿ ಪಿಯುಸಿ ಓದುವಾಗ ಇದನ್ನು ಯಾರೂ ಹೀಗೆ ಹೇಳಲಿಲ್ಲ. ಕಿಣ್ವ ಬೀಗ, ಎದುರಿನ ವಸ್ತು ಕೀಲಿಕೈ ಅಂತ ಮೇಷ್ಟ್ರು ಬರೆಸಿದರು, ಬಾಯಿಪಾಠ ಮಾಡಿದೆವು, ಐದಕ್ಕೆ ಐದು ಬಂತು. ಅದು ಎಮಿಲ್ ಫಿಷರ್ 1894ರಲ್ಲಿ ಹೇಳಿದ ಮಾತು. 1958ರಲ್ಲೇ ಡೇನಿಯಲ್ ಕೋಶ್ಲಂಡ್ ಅದನ್ನು ತಿದ್ದಿದ್ದ. ಬೀಗದ ಹಾಗೆ ಕಿಣ್ವ ಮರಗಟ್ಟಿ ಕೂತಿರುವುದಿಲ್ಲ, ವಸ್ತು ಬಂದಾಗ ತಾನೂ ಬಾಗುತ್ತದೆ ಅಂದ. ನನಗೆ ಇದು ಅರ್ಥವಾದದ್ದು ಹಾಸನಾಂಬೆ ದರ್ಶನದ ದಿನಗಳಲ್ಲಿ, ಅಮ್ಮ ಬಳೆ ಇಡಿಸಿಕೊಳ್ಳುವಾಗ. ಬಳೆಗಾರ ಕೈ ಹಿಡಿದು, ಗೆಣ್ಣು ಒತ್ತಿ, ಹೆಬ್ಬೆರಳು ಮಡಿಸಿ, ಕೈಯನ್ನೇ ಬಳೆಗೆ ತಕ್ಕ ಹಾಗೆ ಮಾಡುತ್ತಿದ್ದ. ಒಂದೊಂದು ಸಲ ಬಳೆ ಒಡೆಯುತ್ತಿತ್ತು. ಬಳೆಗಾರನಿಗೆ ಅದು ನಷ್ಟ. ಪೆಕ್ಟಿನೇಸಿಗೆ ಒಡೆಯುವುದೇ ಕಸುಬು.

ಅಂದರೆ ಕಿಣ್ವಕ್ಕೇ ಒಂದು ಕೈ ಇದೆ. ಅದಕ್ಕೊಂದು ಗುಣವೂ ಇದೆ. ಕೈಗುಣ ಸುಳ್ಳಾ ಅಂತ ಕೇಳುತ್ತೀರಲ್ಲ ಸ್ವಾಮಿ!

ಕೈ ಅಂದಾಗ ಜೇಮ್ಸ್ ಸಮ್ನರನನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಎಡಗೈಯವನು. ಹದಿನೇಳನೇ ವಯಸ್ಸಿನಲ್ಲಿ ಬೇಟೆಗೆ ಹೋದಾಗ ಗುಂಡು ತಗುಲಿ ಅದೇ ಎಡಗೈ ಹೋಯಿತು. ಒಂಟಿಗೈಯಲ್ಲಿ ಕೆಮಿಸ್ಟ್ರಿ ಆಗದು, ಲಾಯರ್ ಆಗು ಅಂದರು. ಕೇಳಲಿಲ್ಲ. ಅಮೆರಿಕದ ಕಾರ್ನೆಲ್‌ನಲ್ಲಿ ಕೂತು, ನಮ್ಮ ಅವರೆಯ ದೂರದ ನೆಂಟನಂಥ ಜ್ಯಾಕ್ ಬೀನ್ ಎಂಬ ದಪ್ಪ ಕಾಳನ್ನು ಬೀಸಿ, ಅಸಿಟೋನಿನಲ್ಲಿ ಕದಡಿ, ಸೋಸಿ, ಒಂಬತ್ತು ವರ್ಷ ಒದ್ದಾಡಿದ. 1926ರಲ್ಲಿ ಯೂರಿಯೇಸ್ ಎಂಬ ಕಿಣ್ವ ಹರಳುಗಟ್ಟಿತು. ಪರೀಕ್ಷಿಸಿದರೆ ಅದು ಪ್ರೋಟೀನ್! ಆಗಲೇ ನೊಬೆಲ್ ಪಡೆದಿದ್ದ ವಿಲ್‌ಸ್ಟಾಟರ್ ಒಪ್ಪಲೇ ಇಲ್ಲ. ಪ್ರೋಟೀನ್ ಬರೀ ಹೊರುವ ಎತ್ತು, ನಿಜವಾದ ಕಿಣ್ವ ಬೇರೆ ಎಲ್ಲೋ ಇದೆ ಅನ್ನುವುದು ಅವನ ಹಠ. ಸಮ್ನರನಿಗೆ ನೊಬೆಲ್ ಬಂದದ್ದು ಇಪ್ಪತ್ತು ವರ್ಷ ಬಿಟ್ಟು, 1946ರಲ್ಲಿ. ಬೆಳಗ್ಗೆ ಕೊಟ್ಟಿಗೆಗೆ ಹೋದರೆ ಮೂಗಿಗೆ ಬಡಿಯುವ ಘಾಟು ಇದೆಯಲ್ಲ, ಅದೂ ಯೂರಿಯೇಸಿನದೇ ಕೆಲಸ. ಗಂಜಲದ ಯೂರಿಯಾವನ್ನು ಬ್ಯಾಕ್ಟೀರಿಯಾಗಳ ಯೂರಿಯೇಸ್ ಅಮೋನಿಯಾ ಮಾಡುತ್ತದೆ. (ಎಲ್ಲ ಕಿಣ್ವವೂ ಪ್ರೋಟೀನ್ ಅಲ್ಲ, ಆರ್‌ಎನ್‌ಎ ಕೂಡ ಆ ಕೆಲಸ ಮಾಡಬಲ್ಲದು ಅಂತ ಯಾರಾದರೂ ತಿದ್ದುವ ಮೊದಲು ನಾನೇ ಹೇಳಿಬಿಡುತ್ತೇನೆ. ಅದಕ್ಕೆ 1989ರಲ್ಲಿ ಚೆಕ್ ಮತ್ತು ಆಲ್ಟ್‌ಮನ್ ಅವರಿಗೆ ನೊಬೆಲ್ ಬಂತು.)

ಈಗ ನಿಮ್ಮ ಮೇಸ್ತ್ರಿ ಏನು ಮಾಡುತ್ತಾರೆ ನೋಡಿ. ಕಿಣ್ವದ ವೇಗ ಚಳಿಗೆ ಇಳಿಯುತ್ತದೆ. ಹತ್ತು ಡಿಗ್ರಿ ಇಳಿದರೆ ಹೆಚ್ಚುಕಮ್ಮಿ ಅರ್ಧ. ಡಿಸೆಂಬರಿನ ಮೂಡಿಗೆರೆ ರಾತ್ರಿಗೂ ಫೆಬ್ರವರಿಯ ಮಧ್ಯಾಹ್ನಕ್ಕೂ ಎಷ್ಟು ಅಂತರ ಅಂತ ನಿಮಗೆ ನಾನು ಹೇಳಬೇಕಾ? ಹಣ್ಣು ಎಷ್ಟು ಮಾಗಿದೆ, ಕಾಯಿ ಎಷ್ಟು ಸೇರಿದೆ, ಅರೇಬಿಕಾನೋ ರೋಬಸ್ಟಾನೋ, ತೊಟ್ಟಿ ಎಷ್ಟು ತುಂಬಿದೆ, ಎಲ್ಲದಕ್ಕೂ ಸಮಯ ಬದಲಾಗುತ್ತದೆ. ಬಾಟಲಿಯ ಚೀಟಿಯ ಮೇಲೆ ಗಂಟೆ ಅಚ್ಚಾಗಿರಬಹುದು. ಚೀಟಿಗೆ ನಿಮ್ಮೂರಿನ ಚಳಿ ಗೊತ್ತಿಲ್ಲ. ಮೇಸ್ತ್ರಿ ಗಂಟೆ ನೋಡುವುದಿಲ್ಲ, ಬೀಜವನ್ನು ಕೇಳುತ್ತಾರೆ. ಒಂದು ಹಿಡಿ ತೊಳೆದು ಉಜ್ಜಿದಾಗ ಜಾರಿದರೆ ಇನ್ನೂ ಲೋಳೆಯಿದೆ. ಬೆಣಚುಕಲ್ಲಿನ ಹಾಗೆ ಗರಗರ ಅಂದರೆ ಮುಗಿಯಿತು. ಕೆಲವರು ತೊಟ್ಟಿಗೆ ಕೋಲು ಚುಚ್ಚಿ ತೆಗೆಯುತ್ತಾರೆ, ತೂತು ಹಾಗೇ ನಿಂತರೆ ತೊಳೆಯುವ ಹೊತ್ತು. ತಡವಾದರೆ ಹುಳಿ ಏರಿ, ನಾತ ಹಿಡಿದು, ಕಪ್ಪಿನಲ್ಲಿ ಕಾಫಿ ಕೆಡುತ್ತದೆ. ಲ್ಯಾಬಿನಲ್ಲಿ ಇದನ್ನೇ ಕ್ರಿಯೆಯ ಕೊನೆ ಗುರುತಿಸುವುದು ಅನ್ನುತ್ತಾರೆ. ನಿಮ್ಮ ಮಗ ಬಾಟಲಿ ಹಾಕಿದರೂ ಈ ಕೈ ಬೇಕೇ ಬೇಕು. ಬೇಗ ಕೆಲಸ ಮಾಡುವ ಕಿಣ್ವ ಕಾಯುವವನ ತಪ್ಪನ್ನೂ ಬೇಗ ಮಾಡಿಸುತ್ತದೆ.

ಆಲೂರು ಕಡೆಯ ನಮ್ಮಜ್ಜಿ ಮಳೆಗಾಲದಲ್ಲಿ ಕಳಲೆ ತಂದರೆ ಸಣ್ಣಗೆ ಹೆಚ್ಚಿ ನೀರಲ್ಲಿ ಹಾಕುತ್ತಿದ್ದಳು. ದಿನಾ ನೀರು ಚೆಲ್ಲಿ ಹೊಸ ನೀರು. ಮೂರನೇ ದಿನ ಪಲ್ಯ. ಆ ನೀರನ್ನು ದನದ ಬಾನಿಗೆ ಸುರಿದರೆ ಬೈಗುಳ. ಎಷ್ಟೋ ವರ್ಷದ ಮೇಲೆ ಓದಿದೆ. ಕಳಲೆಯಲ್ಲಿ ಸಯನೈಡನ್ನು ಕಟ್ಟಿಹಾಕಿಕೊಂಡ ವಸ್ತುವೊಂದಿದೆ, ಅದನ್ನು ಬಿಚ್ಚುವ ಕಿಣ್ವವೂ ಇದೆ. ಬದುಕಿರುವ ಮೊಳಕೆಯಲ್ಲಿ ಎರಡೂ ಬೇರೆ ಬೇರೆ ಕೋಣೆಯಲ್ಲಿರುತ್ತವೆ. ಚೂರಿ ತಾಗಿ ಗೋಡೆ ಒಡೆದಾಗ ಒಂದಕ್ಕೊಂದು ಸಿಕ್ಕಿ ವಿಷ ಹೊರಬರುತ್ತದೆ. ಹುಳಕ್ಕೆ, ಹಂದಿಗೆ ಬಿದಿರು ಇಟ್ಟ ಬಲೆ ಅದು. ಸಣ್ಣಗೆ ಹೆಚ್ಚಿದಷ್ಟೂ ಕಿಣ್ವ ತನ್ನ ಕೆಲಸ ಪೂರ್ತಿ ಮುಗಿಸುತ್ತದೆ, ವಿಷ ನೀರಿನ ಪಾಲಾಗುತ್ತದೆ. ಅಜ್ಜಿ ಬಿದಿರಿನ ಕಿಣ್ವದಿಂದಲೇ ಬಿದಿರಿನ ವಿಷ ಕಳೆಯುತ್ತಿದ್ದಳು. ಹಾಗಂತ ಅಜ್ಜಿ ಹೇಳಿದ್ದೆಲ್ಲ ಸರಿಯಿತ್ತು ಅಂತಲ್ಲ. ಹಾವು ಕಚ್ಚಿದರೆ ಆಸ್ಪತ್ರೆಗಿಂತ ಮಂತ್ರದವನ ಮನೆ ಹತ್ತಿರ ಅನ್ನುವವಳೂ ಅವಳೇ.

ನನ್ನ ಸಿಟ್ಟಿರುವುದು ನಿಮ್ಮ ಮಗನ ಮೇಲಲ್ಲ. ಬಾಟಲಿಯಲ್ಲಿ, ಡಬ್ಬಿಯಲ್ಲಿ ಬಂದದ್ದು ಮಾತ್ರ ವಿಜ್ಞಾನ ಅಂತ ಅವನಿಗೆ ಕಲಿಸಿದವರ ಮೇಲೆ. ನನ್ನ ತಂಗಿ ಮಗ ಜಿಮ್ಮಿಗೆ ಹೋಗುತ್ತಾನೆ. ತಿಂಗಳ ಸಂಬಳದಲ್ಲಿ ಒಂದು ಪಾಲು ಪ್ರೋಟೀನ್ ಪುಡಿಗೆ. ಅವನ ಹೊಟ್ಟೆಗೆ ಡಬ್ಬಿಯ ಬೆಲೆ ಓದಲು ಬರುವುದಿಲ್ಲ ಕಣ್ರೀ. ಪುಡಿಯ ಪ್ರೋಟೀನಾದರೂ ಅವರೆಕಾಳಿನದಾದರೂ ಪೆಪ್ಸಿನ್, ಟ್ರಿಪ್ಸಿನ್ ಎಂಬ ಕಿಣ್ವಗಳು ಸೇರಿ ಚೂರು ಮಾಡುತ್ತವೆ. ಮತ್ತೆ ಸರ ಪೋಣಿಸುವುದು ಅವನ ಜೀವಕೋಶದ ರೈಬೋಸೋಮ್. ಆ ಯಂತ್ರದ ಆಕಾರ ಬಿಡಿಸಿದವರಲ್ಲಿ ಚಿದಂಬರಂನಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್ ಒಬ್ಬರು, 2009ರ ನೊಬೆಲ್. ಪ್ರೋಟೀನ್ ಸರ ಯಾವ ಯಾವ ಕೋನದಲ್ಲಿ ಬಾಗಬಹುದು ಅಂತ 1963ರಲ್ಲಿ ಮದ್ರಾಸಿನಿಂದ ನಕ್ಷೆ ಬರೆದುಕೊಟ್ಟ ಜಿ. ಎನ್. ರಾಮಚಂದ್ರನ್ ಓದಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಇವತ್ತಿಗೂ ಹೊಸ ಪ್ರೋಟೀನಿನ ಆಕಾರ ಸರಿಯಿದೆಯಾ ಅಂತ ನೋಡಲು ಜಗತ್ತೆಲ್ಲ ಆ ನಕ್ಷೆಯನ್ನೇ ಹಿಡಿಯುತ್ತದೆ. ಪುಡಿ ಡಬ್ಬಿಯ ಕಂಪನಿ ಹೆಸರು ಹತ್ತು ಹೇಳುವ ನಮ್ಮ ಹುಡುಗನಿಗೆ ಈ ಹೆಸರು ಗೊತ್ತಿರಲಿಲ್ಲ.

ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿದೆ. ತಳಿ, ರೋಗ, ಗೊಬ್ಬರ ಎಲ್ಲ ಕಾಗದಕ್ಕೆ ಇಳಿದಿದೆ. ನಿಮ್ಮ ಮೇಸ್ತ್ರಿಯ ಅಂಗೈಯಲ್ಲಿ ಇರುವುದನ್ನು ನೀವಾದರೂ ಒಂದು ನೋಟ್‌ಬುಕ್ಕಿಗೆ ಇಳಿಸಿದ್ದೀರಾ? ಅವರ ಮಕ್ಕಳು ಯಾರೂ ತೋಟದ ಕೆಲಸಕ್ಕೆ ಬರುವುದಿಲ್ಲ ಅಂತ ಪತ್ರದ ಕೊನೆಯಲ್ಲಿ ನೀವೇ ಬರೆದಿದ್ದೀರಿ. ಜಾಗ ಸಾಲದೆ ಆ ಸಾಲು ಅಚ್ಚು ಮಾಡಲಿಲ್ಲ, ಆದರೆ ನನಗೆ ಹೆಚ್ಚು ಚುಚ್ಚಿದ್ದು ಅದೇ.

ಹೀಗೆ ಮಾಡಿ. ಎರಡು ತೊಟ್ಟಿ ತಗೊಳ್ಳಿ. ಒಂದೇ ದಿನದ, ಒಂದೇ ಬ್ಲಾಕಿನ ಹಣ್ಣು. ಒಂದಕ್ಕೆ ಮಗನ ಬಾಟಲಿ, ಒಂದಕ್ಕೆ ಏನೂ ಬೇಡ. ಗೋಡೆಗೆ ಒಂದು ಥರ್ಮಾಮೀಟರ್ ನೇತುಹಾಕಿ. ಗಂಟೆಗೊಮ್ಮೆ ಮೇಸ್ತ್ರಿ ಎರಡನ್ನೂ ಉಜ್ಜಿ ನೋಡಲಿ, ಅವರು ಹೇಳಿದ್ದನ್ನು ಮಗ ಬರೆದುಕೊಳ್ಳಲಿ. ಒಣಗಿದ ಮೇಲೆ ಎರಡರಿಂದಲೂ ಅರ್ಧರ್ಧ ಕೆಜಿ ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ಸಮೇತ ಒಣಗಿದ ಬೀಜ, ನಮ್ಮ ಆಫೀಸಿಗೆ ಕಳಿಸಿ. ಯಾವ ಚೀಲ ಯಾವುದು ಅಂತ ಮಾತ್ರ ಬರೆಯಬೇಡಿ. ಸಿಪ್ಪೆ ತೆಗೆಸಿ, ಹುರಿಸಿ, ಪುಡಿ ಮಾಡಿಸುವ ಖರ್ಚು ನಮ್ಮದು.