ರೋಬೋ ಹಾಕುವ ಚೌಕ ಕೂಡುತ್ತಿಲ್ಲ!

ಪ್ರಶ್ನೆ: ಏಳನೇ ತರಗತಿ ಮಕ್ಕಳು ಎರಡು ಮೋಟಾರಿನ ರೋಬೋಗೆ ‘ಮುಂದೆ ಹೋಗು, 90 ಡಿಗ್ರಿ ತಿರುಗು’ ಎಂದು ನಾಲ್ಕು ಸಲ ಹೇಳಿದರೂ ಚೌಕ ಕೂಡುತ್ತಿಲ್ಲ. ಸಮಬಾಹು ತ್ರಿಕೋನವಂತೂ ಎತ್ತಲೋ ಹೋಗುತ್ತದೆ. ತಪ್ಪು ಎಲ್ಲಿದೆ?
– ಶಿಕ್ಷಕಿ, ಸಕಲೇಶಪುರ

ಉತ್ತರ: ಎರಡೂ ಬೇರೆ ಬೇರೆ ತಪ್ಪು, ಮೇಡಂ. ಚೌಕದಲ್ಲಿ ಪ್ರೋಗ್ರಾಂ ಸರಿಯಿದೆ, ತಕರಾರು ಯಂತ್ರದ್ದು. ಇಂಥ ರೋಬೋದ ಚಕ್ರ ತಿರುಗಿಸುವ ಹಳದಿ ಗೇರ್ ಮೋಟಾರಿಗೆ ಡಿಗ್ರಿ ಗೊತ್ತಿಲ್ಲ. ಇಷ್ಟು ಮಿಲಿಸೆಕೆಂಡ್ ತಿರುಗು ಎಂದಷ್ಟೇ ಅದಕ್ಕೆ ಹೇಳಬಹುದು. ಸೆಲ್ ಇಳಿದಂತೆ ಅಷ್ಟೇ ಹೊತ್ತಿನಲ್ಲಿ ಕಡಿಮೆ ತಿರುಗುತ್ತದೆ. ತಿರುವಿಗೆ 5 ಡಿಗ್ರಿ ತಪ್ಪಿದರೆ ನಾಲ್ಕಕ್ಕೆ 20! ಮಳೆಗಾಲದಲ್ಲಿ ತೇವ ಹಿಡಿದ ರೆಡ್‌ಆಕ್ಸೈಡ್ ನೆಲದಲ್ಲಿ ಚಕ್ರ ಜಾರುವುದೂ ಉಂಟು. ಡ್ರಾಯಿಂಗ್ ಶೀಟ್ ಹಾಸಿ, ಹೊಸ ಸೆಲ್ ಹಾಕಿ, ನಿಂತಲ್ಲೇ ನಾಲ್ಕು ಸಲ ತಿರುಗಿಸಿ. ಮೂತಿ ಮೊದಲಿನ ದಿಕ್ಕಿಗೇ ಬರುವವರೆಗೆ ಹೊತ್ತನ್ನು 10 ಮಿಲಿಸೆಕೆಂಡಿನಂತೆ ಏರಿಳಿಸಿ.

ತ್ರಿಕೋನದ್ದು ಯೋಚನೆಯ ತಪ್ಪು. ಪಾಠಕ್ಕೆ ಇದೇ ಬಂಗಾರ. ಮಕ್ಕಳು ತ್ರಿಕೋನದ ಒಳಕೋನ ನೋಡಿ 60 ಎಂದು ಬರೆದಿರಬೇಕು. ಹಾಗೆ ಮೂರು ಗೆರೆ ಎಳೆದರೆ ಸಿಗುವುದು ಅರ್ಧ ಷಡ್ಭುಜ. ರೋಬೋ ತಿರುಗಬೇಕಾದ್ದು ಬಾಹ್ಯಕೋನ (180ರಲ್ಲಿ ಒಳಕೋನ ಕಳೆದು ಉಳಿದದ್ದು), ಅಂದರೆ 120. ಚೌಕದಲ್ಲಿ ಒಳಗೂ ಹೊರಗೂ 90 ಆದ್ದರಿಂದ ಗುಟ್ಟು ಬಯಲಾಗಲಿಲ್ಲ. ಉತ್ತರ ಹೇಳಿಬಿಡಬೇಡಿ. ಸೀಮೆಸುಣ್ಣದಲ್ಲಿ ಬರೆದ ತ್ರಿಕೋನದ ಮೇಲೆ ಒಬ್ಬಳು ನಡೆಯಲಿ, ಮೂಲೆಯಲ್ಲಿ ಎಷ್ಟು ತಿರುಗಿದಳೆಂದು ಉಳಿದವರು ಅಳೆಯಲಿ.