ಬಗ್ಗಿಸಿದಾಗ ಬ್ಯಾಟರಿಯಿಲ್ಲದ ಯುವಿ (ಅತಿನೇರಳೆ) ಸೆನ್ಸರಿನ ಕರೆಂಟು ಏಕೆ ಇಳಿಯುತ್ತದೆ?

ಬ್ಯಾಟರಿಯಿಲ್ಲದೆ ನಡೆಯುವ ನಿಮ್ಮ ಜಿಂಕ್ ಆಕ್ಸೈಡ್ ಸೆನ್ಸರನ್ನು ಬಗ್ಗಿಸಿದಷ್ಟೂ ಕರೆಂಟು ಇಳಿಯುತ್ತಿದೆ, ಇನ್ನೆಷ್ಟು ಸ್ಟ್ರೇನ್ (ಎಳೆದಾಗ ಇಲ್ಲವೇ ಒತ್ತಿದಾಗ ಉದ್ದದಲ್ಲಾಗುವ ಬದಲಾವಣೆಯ ಪ್ರಮಾಣ) ಕೊಡಬೇಕು, ಇಲ್ಲವೇ ಗ್ಯಾಲಿಯಂ ನೈಟ್ರೈಡ್ ಎಂಬ ಇನ್ನೊಂದು ಅರೆವಾಹಕಕ್ಕೆ ಹೋಗಬೇಕೇ ಎಂದು ಕೇಳಿದ್ದೀರಿ. ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ಇದೇ ಪ್ರಶ್ನೆಯ ಹಿಂದೆ ನಾನು ಎಂಟು ತಿಂಗಳು ಕಳೆದಿದ್ದೇನೆ.

ಮಡಿಕೇರಿಯ ಮಳೆಗಾಲದಲ್ಲಿ ಬಿಸಿಲನ್ನು ನೆಚ್ಚಿಕೊಳ್ಳುವಂತಿರಲಿಲ್ಲವಾದ್ದರಿಂದ 365 ನ್ಯಾನೋಮೀಟರಿನ ದೀಪವೊಂದನ್ನು ಇಟ್ಟುಕೊಂಡಿದ್ದೆ. ಜಿಂಕ್ ಆಕ್ಸೈಡಿನ ಸುಮಾರು 3.37 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಅಂತರವನ್ನು ಎಲೆಕ್ಟ್ರಾನ್‌ಗಳಿಗೆ ದಾಟಿಸಲು ಆ ಬೆಳಕು ಸಾಕು. 125 ಮೈಕ್ರಾನ್ ದಪ್ಪದ ಪಿಇಟಿ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಚಿನ್ನದ ತೆಳು ಲೇಪ, ಆಮೇಲೆ ಜಿಂಕ್ ಆಕ್ಸೈಡ್, ಎಲ್ಲಕ್ಕೂ ಮೇಲೆ ಕರೆಂಟು ಒಯ್ಯುವ ಪಾರದರ್ಶಕ ಐಟಿಒ (ಇಂಡಿಯಂ ಟಿನ್ ಆಕ್ಸೈಡ್). ಬೆರಳಗಲದ ಈ ಪಟ್ಟಿಯನ್ನು ಲೇಪ ಹೊರಮುಖವಾಗುವಂತೆ ಗಾಜಿನ ಪ್ರನಾಳಕ್ಕೆ ಸುತ್ತುತ್ತಿದ್ದೆ. ಹಾಳೆಯ ದಪ್ಪವನ್ನು ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದರೆ ಸ್ಟ್ರೇನ್ ಸಿಗುತ್ತದೆ; 10 ಮಿ.ಮೀ. ತ್ರಿಜ್ಯಕ್ಕೆ ಅದು ಶೇ. 0.6ರಷ್ಟು. ಕರೆಂಟು ಇಳಿಯಿತು. ಸ್ಟ್ರೇನ್ ಸಾಲದೆಂದು ಇನ್ನೂ ಸಣ್ಣ ಪ್ರನಾಳ ತಂದೆ, ಇನ್ನೂ ಇಳಿಯಿತು.

ನಾನು ಅನುಸರಿಸುತ್ತಿದ್ದ ಪ್ರಬಂಧದಲ್ಲಿ ಶಾಟ್ಕಿ ಸಂಧಿ (ಲೋಹವೂ ಅರೆವಾಹಕವೂ ಕೂಡುವಲ್ಲಿ ಎಲೆಕ್ಟ್ರಾನ್‌ಗಳಿಗೆ ತಡೆಯೊಡ್ಡುವ ಜಾಗ) ಪದರದ ಮೇಲ್ಮೈಯಲ್ಲಿತ್ತು, ನನ್ನದು ತಳದಲ್ಲಿ, ಚಿನ್ನದ ಜೊತೆಗಿತ್ತು. ಅಂಕಿಗಳನ್ನು ಬರೆದುಕೊಂಡವನು ಪದರಗಳ ಚಿತ್ರವನ್ನು ಸರಿಯಾಗಿ ನೋಡಿರಲಿಲ್ಲ. ನನಗೆ ಮುಳುವಾದದ್ದು ಇದೊಂದೇ. ಜಿಂಕ್ ಆಕ್ಸೈಡಿನ ಹರಳಿಗೆ ಮೇಲು-ಕೆಳಗು ಎಂಬುದಿದೆ. ಪದರವನ್ನು ಅಗಲಕ್ಕೆ ಎಳೆದರೆ ಸತುವಿನ (ಜಿಂಕ್) ಮುಖದಲ್ಲಿ ಋಣ, ಆಕ್ಸಿಜನ್ ಮುಖದಲ್ಲಿ ಧನ ಪೀಜೋ ಆವೇಶ, ಅಂದರೆ ಸ್ಟ್ರೇನಿನಿಂದಾಗುವ ವಿದ್ಯುದಾವೇಶ, ಹುಟ್ಟುತ್ತದೆ. ನನ್ನ ಪದರದಲ್ಲಿ ಸತುವಿನ ಮುಖ ಮೇಲಿದ್ದುದರಿಂದ ಎಳೆದಾಗಲೆಲ್ಲ ತಳದ ಸಂಧಿಯಲ್ಲಿ ಧನ ಆವೇಶವೇ ಕೂಡುತ್ತಿತ್ತು. ಹೊರಗಿನ ವೋಲ್ಟೇಜ್ ಇಲ್ಲದ ಸಾಧನದಲ್ಲಿ ಬೆಳಕು ಹುಟ್ಟಿಸಿದ ಎಲೆಕ್ಟ್ರಾನ್ ಮತ್ತು ರಂಧ್ರಗಳನ್ನು (ಎಲೆಕ್ಟ್ರಾನ್ ತೆರವಾಗಿ ಧನ ಆವೇಶದಂತೆ ವರ್ತಿಸುವ ಜಾಗಗಳನ್ನು) ಬೇರ್ಪಡಿಸುವುದು ಸಂಧಿಯ ಒಳಕ್ಷೇತ್ರ ಮಾತ್ರ. ಜಿಂಕ್ ಆಕ್ಸೈಡಿನಂಥ ಎನ್-ಮಾದರಿಯ (ಹೆಚ್ಚಾಗಿ ಎಲೆಕ್ಟ್ರಾನ್‌ಗಳೇ ಕರೆಂಟು ಒಯ್ಯುವ) ಅರೆವಾಹಕದಲ್ಲಿ ಧನ ಆವೇಶವು ಶಾಟ್ಕಿ ತಡೆಯನ್ನು ತಗ್ಗಿಸಿ ಆ ಕ್ಷೇತ್ರವನ್ನೇ ಕುಂದಿಸುತ್ತದೆ. ಹಾಗಾಗಿ ನಾನು ಸ್ಟ್ರೇನ್ ಹೆಚ್ಚಿಸಿದಷ್ಟೂ ಸೆನ್ಸರಿನ ಜೀವವನ್ನೇ ಹಿಂಡುತ್ತಿದ್ದೆ. ಕೊನೆಗೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಐಟಿಒ ಮೇಲೆ ಬಾಚಣಿಗೆ ಎಳೆದಂತೆ ಸಾಲು ಸಾಲು ಬಿರುಕುಗಳಿದ್ದವು. ಐಟಿಒ ಎಳೆತಕ್ಕಿಂತ ಒತ್ತನ್ನು ಚೆನ್ನಾಗಿ ತಾಳುತ್ತದೆ ಎಂಬ ಕಾರಣಕ್ಕಷ್ಟೇ ಉಳಿದಿದ್ದ ಪಟ್ಟಿಯನ್ನು ಲೇಪ ಒಳಮುಖವಾಗುವಂತೆ ಬಗ್ಗಿಸಿದೆ; ಎಳೆತ ಒತ್ತಾದೊಡನೆ ಆವೇಶದ ಚಿಹ್ನೆಯೂ ತಿರುಗಿ ಕರೆಂಟು ಏರಿತು.

ಆದ್ದರಿಂದ ‘ಎಷ್ಟು’ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಸಂಧಿ ಯಾವ ಮುಖದಲ್ಲಿದೆ, ಬಾಗು ಯಾವ ಕಡೆಗಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಗ್ಯಾಲಿಯಂ ನೈಟ್ರೈಡಿನದೂ ವುರ್ಟ್ಜೈಟ್ ಎಂಬ ಇದೇ ಹರಳಿನ ರಚನೆ. ಅಲ್ಲಿಗೆ ಹೋದರೆ ಈ ತೊಡಕೂ ಜೊತೆಗೇ ಬರುತ್ತದೆ. ಜಾರ್ಜಿಯಾ ಟೆಕ್‌ನಲ್ಲಿ ಝೋಂಗ್ ಲಿನ್ ವಾಂಗ್ ಅವರ ತಂಡ 2010ರಲ್ಲಿ ಪೀಜೋ-ಫೋಟೋಟ್ರಾನಿಕ್ಸ್ ಎಂದು ಹೆಸರಿಟ್ಟ ಈ ಪರಿಣಾಮದ ತಿರುಳೇ ಆವೇಶದ ಚಿಹ್ನೆ. ಒಂದೇ ತ್ರಿಜ್ಯದಲ್ಲಿ, ಸೊನ್ನೆ ವೋಲ್ಟ್‌ನಲ್ಲಿ ಎರಡೂ ಕಡೆಗೆ ಬಗ್ಗಿಸಿ ನೋಡಿ. ಒಂದು ಕಡೆ ಏರಿ ಇನ್ನೊಂದು ಕಡೆ ಇಳಿದರೆ ಏರಿದ ಕಡೆಯನ್ನು ಹಿಡಿದುಕೊಳ್ಳಿ. ಎರಡೂ ಕಡೆ ಇಳಿದರೆ ಮೊದಲು ಬಿರುಕನ್ನೂ ಸಂಪರ್ಕವನ್ನೂ ಪರೀಕ್ಷಿಸಿ. ದೀಪ ಹಚ್ಚಿದೊಡನೆ ನೆಗೆಯುವ ಕರೆಂಟಿನಲ್ಲಿ ಬಿಸಿ ಏರುವಾಗ ಆವೇಶ ಹುಟ್ಟಿಸುವ ಪೈರೋ ಪರಿಣಾಮವೂ ಸೇರಿರಬಹುದು, ಹಾಗಾಗಿ ಕರೆಂಟು ಸ್ಥಿರವಾಗಿ ನಿಂತ ಮೇಲಿನ ಬೆಲೆಯನ್ನೇ ಬರೆದುಕೊಳ್ಳಿ. ನೀವು ಪೊನ್ನಂಪೇಟೆಯವರೆಂದಿದ್ದೀರಿ; ಅಲ್ಲಿನ ಜುಲೈ ತಿಂಗಳ ತೇವದಲ್ಲಿ ಜಿಂಕ್ ಆಕ್ಸೈಡಿನ ಮೈಗೆ ನೀರು ಅಂಟಿ ಅಳತೆ ಅಲುಗಾಡುತ್ತದೆ. ಪಟ್ಟಿಯನ್ನು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ, ಕತ್ತಲಲ್ಲಿ ಒಂದು ರಾತ್ರಿ ಇಟ್ಟು ಅಳೆಯಿರಿ, ಪದರಗಳ ಕ್ರಮವನ್ನು ತಳದಿಂದ ಮೇಲಕ್ಕೆ ಇಲ್ಲೇ ಬರೆಯಿರಿ.